ಪೈಥಾನ್ ಸ್ಲೈಸಿಂಗ್: ಪಟ್ಟಿಯನ್ನೂ ಕನ್ನಡ ಪಠ್ಯವನ್ನೂ ಬೇಕಾದಲ್ಲಿ ಕತ್ತರಿಸುವ ಸಮಗ್ರ ಮಾರ್ಗದರ್ಶಿ

ಪೈಥಾನ್ ಕಲಿಯಲು ಶುರು ಮಾಡಿದವರು ಸ್ಲೈಸಿಂಗ್ ಅನ್ನು ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಚೌಕ ಆವರಣ, ನಡುವೆ ಒಂದು ಕೋಲನ್, ಆಚೀಚೆ ಎರಡು ಸಂಖ್ಯೆ, ಅಷ್ಟೇ ತಾನೇ ಎನಿಸುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಕೊನೆಯ ಅಂಶ ಯಾಕೆ ಬರಲಿಲ್ಲ, ಮೈನಸ್ ಹಾಕಿದರೆ ಖಾಲಿ ಪಟ್ಟಿ ಯಾಕೆ ಬಂತು, ಕನ್ನಡ ಹೆಸರಿನ ಮೊದಲ ಮೂರು ಅಕ್ಷರ ಕೇಳಿದರೆ ಒತ್ತಕ್ಷರ ಎಲ್ಲಿ ಹೋಯಿತು ಎಂದು ತಲೆ ಕೆರೆದುಕೊಳ್ಳುವಂತಾಗುತ್ತದೆ. ಈ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಒಂದೇ: ಸ್ಲೈಸ್‌ನ ಸಂಖ್ಯೆಗಳು ಅಂಶಗಳನ್ನು ತೋರಿಸುವುದಿಲ್ಲ, ಅಂಶಗಳ ನಡುವಿನ ಸಂದಿಗಳನ್ನು ತೋರಿಸುತ್ತವೆ. ಇದು ಮನಸ್ಸಿಗೆ ಇಳಿದರೆ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ತಯಾರಿ

ನಿಮ್ಮ ಕಂಪ್ಯೂಟರಿನಲ್ಲಿ ಪೈಥಾನ್ 3ರ ಯಾವ ಆವೃತ್ತಿ ಇದ್ದರೂ ಸಾಕು. ಟರ್ಮಿನಲ್‌ನಲ್ಲಿ ಪೈಥಾನ್ ತೆರೆದರೆ ಮೂರು ಬಾಣದ ಪ್ರಾಂಪ್ಟ್ ಬರುತ್ತದೆ. ಅಲ್ಲಿ ಒಂದೊಂದೇ ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಉತ್ತರ ಕೆಳಗೇ ಕಾಣುತ್ತದೆ. ಸ್ಲೈಸಿಂಗ್ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಫೈಲು ಮಾಡಿ ಸೇವ್ ಮಾಡುವ ಗೋಜು ಬೇಡ.

ಪೈಥಾನ್ 3ರಲ್ಲಿ ವೇರಿಯಬಲ್ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಸ್ಲೈಸಿಂಗ್‌ಗೆ ಬೇಕಾಗುವುದು ಬರೀ ಆವರಣ, ಕೋಲನ್, ಅಂಕಿ. ಹಾಗಾಗಿ ಕೆಳಗಿನ ಸಾಲುಗಳನ್ನು ಇದ್ದಂತೆಯೇ ನಕಲು ಮಾಡಿ ಓಡಿಸಿ ನೋಡಬಹುದು. ಎರಡು ಎಚ್ಚರಿಕೆ ಇವೆ. ಒಂದು, ಅಂಕಿಗಳನ್ನು ೧, ೨ ಎಂದು ಬರೆದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. 1, 2 ಎಂದೇ ಬರೆಯಬೇಕು. ಇನ್ನೊಂದು, ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ಒತ್ತಕ್ಷರ ಆಗದಂತೆ ತಡೆಯಲು ನಾವು ಹಾಕುವ ಕಣ್ಣಿಗೆ ಕಾಣದ ಚಿಹ್ನೆಯನ್ನು ಪೈಥಾನ್ ವೇರಿಯಬಲ್ ಹೆಸರಿನಲ್ಲಿ ಒಪ್ಪುವುದಿಲ್ಲ. ಕೋಟ್ ಒಳಗಿನ ಪಠ್ಯದಲ್ಲಿ ಅದು ಎಷ್ಟಿದ್ದರೂ ಪರವಾಗಿಲ್ಲ.

ಉದಾಹರಣೆಗೆ ಪಂಚಾಂಗದ ಹನ್ನೆರಡು ಮಾಸಗಳನ್ನು ತೆಗೆದುಕೊಳ್ಳೋಣ. ಎಲ್ಲರಿಗೂ ಗೊತ್ತಿರುವ ಕ್ರಮ ಇದು, ಎರಡೆರಡು ತಿಂಗಳಿಗೆ ಒಂದು ಋತು ಎಂಬ ಲೆಕ್ಕವೂ ಸಿದ್ಧವಾಗಿದೆ.

```
>>> ಮಾಸ = ['ಚೈತ್ರ', 'ವೈಶಾಖ', 'ಜ್ಯೇಷ್ಠ', 'ಆಷಾಢ', 'ಶ್ರಾವಣ', 'ಭಾದ್ರಪದ',
...        'ಆಶ್ವಯುಜ', 'ಕಾರ್ತಿಕ', 'ಮಾರ್ಗಶಿರ', 'ಪುಷ್ಯ', 'ಮಾಘ', 'ಫಾಲ್ಗುಣ']
```

ಹಂತ 1: ಒಂದೇ ಅಂಶ

ಸ್ಲೈಸ್‌ಗೆ ಹೋಗುವ ಮೊದಲು ಇಂಡೆಕ್ಸ್, ಅಂದರೆ ಅಂಶದ ಸ್ಥಾನದ ಸಂಖ್ಯೆ, ಗೊತ್ತಿರಬೇಕು. ಎಣಿಕೆ ಸೊನ್ನೆಯಿಂದ ಶುರು. ಮೈನಸ್ ಹಾಕಿದರೆ ಹಿಂದಿನಿಂದ ಎಣಿಕೆ, ಅಲ್ಲಿ ಶುರುವಾಗುವುದು ಒಂದರಿಂದ.

```
>>> ಮಾಸ[0]
'ಚೈತ್ರ'
>>> ಮಾಸ[4]
'ಶ್ರಾವಣ'
>>> ಮಾಸ[-1]
'ಫಾಲ್ಗುಣ'
>>> ಮಾಸ[-12]
'ಚೈತ್ರ'
```

ಇಲ್ಲದ ಜಾಗ ಕೇಳಿದರೆ, ಅಂದರೆ ಮಾಸ[12] ಎಂದರೆ, ಇಂಡೆಕ್ಸ್ ಎರರ್. ಇದನ್ನು ನೆನಪಿಡಿ, ಸ್ಲೈಸ್ ಇಲ್ಲಿ ಬೇರೆಯೇ ರೀತಿ ನಡೆದುಕೊಳ್ಳುತ್ತದೆ.

ಹಂತ 2: ಸಂದಿಗಳ ಲೆಕ್ಕ

ಸ್ಲೈಸ್‌ನಲ್ಲಿ ಎರಡು ಸಂಖ್ಯೆ: ಎಲ್ಲಿಂದ, ಎಲ್ಲಿಯವರೆಗೆ. ವರ್ಷ ಋತುವಿನ ಎರಡು ತಿಂಗಳು ಬೇಕು ಎಂದರೆ:

```
>>> ಮಾಸ[4:6]
['ಶ್ರಾವಣ', 'ಭಾದ್ರಪದ']
```

ಆರನೇ ಇಂಡೆಕ್ಸಿನ ಆಶ್ವಯುಜ ಬರಲಿಲ್ಲ. ‘ಕೊನೆಯದನ್ನು ಬಿಟ್ಟು’ ಎಂದು ಪಾಠ ಹೇಳುವವರು ಹೇಳಿಬಿಡುತ್ತಾರೆ, ಕೇಳುವವರಿಗೆ ಅದೊಂದು ವಿಚಿತ್ರ ಕಟ್ಟಳೆಯಂತೆ ಕಾಣುತ್ತದೆ. ಹಾಗೆ ಯೋಚಿಸಬೇಡಿ. ಪಟ್ಟಿಯನ್ನು ಹೀಗೆ ಕಲ್ಪಿಸಿಕೊಳ್ಳಿ:

```
|0| ಚೈತ್ರ |1| ವೈಶಾಖ |2| ಜ್ಯೇಷ್ಠ |3| ಆಷಾಢ |4| ಶ್ರಾವಣ |5| ಭಾದ್ರಪದ |6| ...
```

ಹನ್ನೆರಡು ಅಂಶಗಳಿಗೆ ಹದಿಮೂರು ಸಂದಿ, 0ರಿಂದ 12ರವರೆಗೆ. ನಾಲ್ಕನೇ ಸಂದಿಯಲ್ಲಿ ಒಂದು ಕತ್ತರಿ, ಆರನೇ ಸಂದಿಯಲ್ಲಿ ಇನ್ನೊಂದು. ನಡುವೆ ಸಿಕ್ಕಿದ್ದು ಎರಡು ತಿಂಗಳು. ಇಲ್ಲಿ ಯಾರನ್ನೂ ಸೇರಿಸುವ, ಬಿಡುವ ಪ್ರಶ್ನೆಯೇ ಇಲ್ಲ.

ಈ ಚಿತ್ರದಿಂದ ಮೂರು ಸಂಗತಿ ತಾನಾಗಿ ಹೊರಡುತ್ತವೆ. ಎರಡೂ ಸಂಖ್ಯೆ ಈ ಸಂದಿಗಳೊಳಗೇ ಇದ್ದು ಎರಡನೆಯದು ಚಿಕ್ಕದಲ್ಲದಿದ್ದರೆ, ತುಂಡಿನ ಉದ್ದ ಎರಡನೇ ಸಂಖ್ಯೆಯಿಂದ ಮೊದಲನೆಯದನ್ನು ಕಳೆದಷ್ಟು. ಒಂದು ತುಂಡು ಎಲ್ಲಿ ಮುಗಿಯುತ್ತದೋ ಮುಂದಿನದು ಅದೇ ಸಂಖ್ಯೆಯಿಂದ ಶುರುವಾಗುತ್ತದೆ, ಆದ್ದರಿಂದ ಮಾಸ[:5] + ಮಾಸ[5:] ಎಂದರೆ ಮತ್ತೆ ಇಡೀ ಪಟ್ಟಿ. ಯಾವ ತಿಂಗಳೂ ಎರಡು ಸಲ ಬರುವುದಿಲ್ಲ, ಯಾವುದೂ ತಪ್ಪಿಹೋಗುವುದಿಲ್ಲ. ಇನ್ನು ಮಾಸ[4:4] ಎಂದರೆ ಒಂದೇ ಸಂದಿಯಲ್ಲಿ ಎರಡು ಸಲ ಕತ್ತರಿ ಹಾಕಿದಂತೆ, ಸಿಗುವುದು ಖಾಲಿ ಪಟ್ಟಿ. ಈ ಖಾಲಿ ತುಂಡು ನಿರುಪಯೋಗಿ ಎಂದುಕೊಳ್ಳಬೇಡಿ, ಹಂತ 6ರಲ್ಲಿ ಅದರಿಂದಲೇ ಕೆಲಸ ಮಾಡಿಸುತ್ತೇವೆ.

ಎಡ ತುದಿ ಸೇರಿಸಿ ಬಲ ತುದಿ ಬಿಡುವ ಈ ಪದ್ಧತಿಯ ಪರವಾಗಿ ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರ ಆಗಸ್ಟ್‌ನಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದಿದ್ದರು. ಅವರ ವಾದದಲ್ಲೂ ಇದ್ದದ್ದು ಇದೇ: ಉದ್ದ ನೇರವಾಗಿ ಸಿಗುತ್ತದೆ, ಪಕ್ಕದ ತುಂಡುಗಳು ಸರಿಯಾಗಿ ಕೂಡುತ್ತವೆ, ಖಾಲಿ ತುಂಡನ್ನು ಬರೆಯಲು ಅಸಹಜ ಸಂಖ್ಯೆಗಳು ಬೇಕಾಗುವುದಿಲ್ಲ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಬಂದವರಿಗೆ ಇದು ಕೆಲವು ದಿನ ಕಿರಿಕಿರಿ ಮಾಡುತ್ತದೆ. ಅಲ್ಲಿ ಎಣಿಕೆ ಒಂದರಿಂದ, ಎರಡೂ ತುದಿ ಸೇರುತ್ತವೆ.

ಋತುಗಳನ್ನು ಒಂದೊಂದಾಗಿ ತೆಗೆಯುವುದು ಈಗ ಸುಲಭ. ವಸಂತಕ್ಕೆ 0, ಗ್ರೀಷ್ಮಕ್ಕೆ 1 ಎಂದು ಎಣಿಸಿಕೊಂಡರೆ:

```
>>> ಋತು = 3
>>> ಮಾಸ[2*ಋತು : 2*ಋತು+2]
['ಆಶ್ವಯುಜ', 'ಕಾರ್ತಿಕ']
```

ಶರದೃತು ಬಂತು. ಸಾವಿರ ಸಾಲಿನ ಡೇಟಾವನ್ನು ನೂರು ನೂರರ ಕಂತುಗಳಾಗಿ ಒಡೆಯುವಾಗಲೂ ಸೂತ್ರ ಇದೇ, ಎರಡರ ಜಾಗದಲ್ಲಿ ನೂರು.

ಹಂತ 3: ಸಂಖ್ಯೆ ಬಿಟ್ಟರೆ, ಮೈನಸ್ ಕೊಟ್ಟರೆ

ಮೊದಲ ಸಂಖ್ಯೆ ಬಿಟ್ಟರೆ ಪಟ್ಟಿಯ ಆರಂಭ, ಎರಡನೆಯದನ್ನು ಬಿಟ್ಟರೆ ಅಂತ್ಯ. ಮೈನಸ್ ಸಂಖ್ಯೆ ಕೊಟ್ಟರೆ ಬಲ ತುದಿಯಿಂದ ಎಣಿಸಿದ ಸಂದಿ.

```
>>> ಮಾಸ[:3]
['ಚೈತ್ರ', 'ವೈಶಾಖ', 'ಜ್ಯೇಷ್ಠ']
>>> ಮಾಸ[-2:]
['ಮಾಘ', 'ಫಾಲ್ಗುಣ']
>>> ಮಾಸ[5:-5]
['ಭಾದ್ರಪದ', 'ಆಶ್ವಯುಜ']
```

ಗುಜರಾತಿನಲ್ಲಿ ವಿಕ್ರಮ ಸಂವತ್ಸರ ಶುರುವಾಗುವುದು ದೀಪಾವಳಿಯ ಮರುದಿನ, ಕಾರ್ತಿಕ ಶುದ್ಧ ಪಾಡ್ಯದಂದು. ಅವರ ವರ್ಷದ ಕ್ರಮ ಬೇಕೆಂದರೆ ಪಟ್ಟಿಯನ್ನು ಕಾರ್ತಿಕಕ್ಕೆ ಮೊದಲಿನ ಸಂದಿಯಲ್ಲಿ ಎರಡು ಭಾಗ ಮಾಡಿ ಅದಲುಬದಲು ಮಾಡಿದರಾಯಿತು:

```
>>> ಮಾಸ[7:] + ಮಾಸ[:7]
```

ಇಲ್ಲೊಂದು ಗುಂಡಿ ಇದೆ, ಅನುಭವಿಗಳೂ ಬೀಳುವಂಥದ್ದು. ಕೊನೆಯ ಎಷ್ಟು ಅಂಶ ಬೇಕು ಎಂಬುದು ವೇರಿಯಬಲ್‌ನಲ್ಲಿದ್ದಾಗ ಮಾಸ[-ಎಷ್ಟು:] ಎಂದು ಬರೆಯುವುದು ಸಹಜ. ‘ಎಷ್ಟು’ 3 ಆದರೆ ಮೂರು, 1 ಆದರೆ ಒಂದು. 0 ಆದರೆ? ಖಾಲಿ ಬರಬೇಕಿತ್ತು, ಬರುವುದು ಹನ್ನೆರಡೂ ತಿಂಗಳು. ಮೈನಸ್ ಸೊನ್ನೆ ಎಂದರೂ ಸೊನ್ನೆಯೇ, ಅಂದರೆ ಎಡ ತುದಿಯ ಸಂದಿ. ಟೆಸ್ಟ್‌ಗಳಲ್ಲಿ ಸೊನ್ನೆ ಕೊಟ್ಟು ನೋಡುವವರು ಕಡಿಮೆ, ಆದ್ದರಿಂದ ಇದು ತಿಂಗಳುಗಟ್ಟಲೆ ಅಡಗಿ ಕೂರುತ್ತದೆ. ಸುರಕ್ಷಿತ ದಾರಿ: ಪಟ್ಟಿಯ ಉದ್ದದಿಂದ ಕಳೆದು ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಮಾಸ[12-ಎಷ್ಟು:]. ನಿಮ್ಮ ಕೋಡಿನಲ್ಲಿ 12ರ ಬದಲು ‘ಲೆನ್’ ಫಂಕ್ಷನ್ ಕೊಡುವ ಉದ್ದ. ‘ಎಷ್ಟು’ ಉದ್ದವನ್ನು ಮೀರದಂತೆ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಕಳೆದ ಉತ್ತರವೇ ಮೈನಸ್ ಆಗಿ ಬೇರೆ ಗುಂಡಿಗೆ ತಳ್ಳುತ್ತದೆ.

ಹಂತ 4: ಅಳತೆ ಮೀರಿದಾಗ ಸ್ಲೈಸ್ ಸುಮ್ಮನಿರುತ್ತದೆ

ಇಂಡೆಕ್ಸ್ ಎರರ್ ಕೊಟ್ಟ ಕಡೆ ಸ್ಲೈಸ್ ತುಟಿ ಪಿಟಕ್ಕೆನ್ನುವುದಿಲ್ಲ. ಇದ್ದಷ್ಟು ಕೊಡುತ್ತದೆ, ಇಲ್ಲದಿದ್ದರೆ ಖಾಲಿ ಕೊಡುತ್ತದೆ.

```
>>> ಮಾಸ[10:14]
['ಮಾಘ', 'ಫಾಲ್ಗುಣ']
>>> ಮಾಸ[20:25]
[]
>>> ಮಾಸ[8:5]
[]
```

ಇದು ಅನುಕೂಲವೋ ಅಪಾಯವೋ ಎಂದು ಕೇಳಿದರೆ, ಎರಡೂ. ‘ಮೊದಲ ಹತ್ತು ಫಲಿತಾಂಶ ತೋರಿಸು’ ಎನ್ನುವಾಗ ಏಳೇ ಇದ್ದರೂ ಪ್ರೋಗ್ರಾಂ ಕುಸಿಯುವುದಿಲ್ಲ, ಅದು ಒಳ್ಳೆಯದು. ಆದರೆ ನಾಲ್ಕು ತಿಂಗಳು ಬಂದೇ ಬರುತ್ತವೆ ಎಂದು ನಂಬಿ ಮುಂದಿನ ಲೆಕ್ಕ ಮಾಡಿದರೆ ತಪ್ಪು ಉತ್ತರ ಸದ್ದಿಲ್ಲದೆ ಹೊರಬರುತ್ತದೆ. ಉದ್ದ ಮುಖ್ಯವಾಗಿದ್ದ ಕಡೆ ತುಂಡಿನ ಉದ್ದವನ್ನು ಪರೀಕ್ಷಿಸಿಯೇ ಮುಂದೆ ಹೋಗಬೇಕು.

ಮಾಘದಿಂದ ನಾಲ್ಕು ತಿಂಗಳು, ಅಂದರೆ ವರ್ಷ ದಾಟಿ ವೈಶಾಖದವರೆಗೆ ನಿಜವಾಗಿ ಬೇಕಿದ್ದರೆ? ಸ್ಲೈಸ್ ತಾನಾಗಿ ಸುತ್ತು ಹೊಡೆದು ಆರಂಭಕ್ಕೆ ಬರುವುದಿಲ್ಲ. ಪಟ್ಟಿ ಚಿಕ್ಕದಾದ್ದರಿಂದ ಎರಡು ವರ್ಷಗಳನ್ನು ಒಟ್ಟಿಗೆ ಜೋಡಿಸಿ ಕತ್ತರಿಸುವುದೇ ಸರಳ:

```
>>> (ಮಾಸ * 2)[10:14]
['ಮಾಘ', 'ಫಾಲ್ಗುಣ', 'ಚೈತ್ರ', 'ವೈಶಾಖ']
```

ಹಂತ 5: ಮೂರನೇ ಸಂಖ್ಯೆ

ಎರಡನೇ ಕೋಲನ್ ಹಾಕಿ ಇನ್ನೊಂದು ಸಂಖ್ಯೆ ಕೊಟ್ಟರೆ ಅದು ಹೆಜ್ಜೆಯ ಅಳತೆ. ಪ್ರತಿ ಋತುವಿನ ಮೊದಲ ತಿಂಗಳು:

```
>>> ಮಾಸ[::2]
['ಚೈತ್ರ', 'ಜ್ಯೇಷ್ಠ', 'ಶ್ರಾವಣ', 'ಆಶ್ವಯುಜ', 'ಮಾರ್ಗಶಿರ', 'ಮಾಘ']
```

ಎರಡನೇ ತಿಂಗಳುಗಳಿಗೆ ಮಾಸ[1::2]. ಲಿಸ್ಟ್ (ಪಟ್ಟಿ), ಕೋಟ್ ಒಳಗಿನ ಪಠ್ಯವಾದ ಸ್ಟ್ರಿಂಗ್‌ಗಳಿಗೆ ಈ ಸೌಲಭ್ಯ ಬಂದದ್ದು 2003ರಲ್ಲಿ, ಪೈಥಾನ್ 2.3ರ ಜೊತೆ. ಹೆಜ್ಜೆ ಸೊನ್ನೆ ಕೊಟ್ಟರೆ ವ್ಯಾಲ್ಯೂ ಎರರ್, ನಿಂತಲ್ಲೇ ನಿಂತರೆ ಮುಗಿಯುವುದು ಯಾವಾಗ?

ಹೆಜ್ಜೆ ಮೈನಸ್ ಆದರೆ ನಡಿಗೆ ಬಲದಿಂದ ಎಡಕ್ಕೆ. ಮಾಸ[::-1] ಎಂದರೆ ಇಡೀ ಪಟ್ಟಿ ತಿರುಗುಮುರುಗು, ಇದನ್ನು ಎಲ್ಲರೂ ಬಳಸುತ್ತಾರೆ. ಆದರೆ ಮೂರೂ ಸಂಖ್ಯೆ ಕೊಟ್ಟು ಹಿಂದಕ್ಕೆ ನಡೆಯಲು ಹೊರಟರೆ ನಮ್ಮ ಸಂದಿಯ ಚಿತ್ರ ಕೈಕೊಡುತ್ತದೆ. ಚಾತುರ್ಮಾಸ್ಯದ ನಾಲ್ಕು ತಿಂಗಳನ್ನು ಹಿಂದಿನಿಂದ ನೋಡಬೇಕು ಎಂದುಕೊಳ್ಳಿ:

```
>>> ಮಾಸ[7:3:-1]
['ಕಾರ್ತಿಕ', 'ಆಶ್ವಯುಜ', 'ಭಾದ್ರಪದ', 'ಶ್ರಾವಣ']
```

ಇಲ್ಲಿ 7 ಎಂಬುದು ಕಾರ್ತಿಕದ ಇಂಡೆಕ್ಸ್, 3 ಎಂಬುದು ತಲುಪಬಾರದ ಇಂಡೆಕ್ಸ್. ಮುಂದಕ್ಕೆ ನಡೆಯುವಾಗ 4:8 ಎಂದು ಇದ್ದದ್ದು ಹಿಂದಕ್ಕೆ ನಡೆಯುವಾಗ 7:3 ಆಗುತ್ತದೆ. ಎರಡೂ ಸಂಖ್ಯೆ ಒಂದೊಂದು ಕಡಿಮೆ, ಅದೂ ಅದಲುಬದಲಾಗಿ. ಇನ್ನೂ ಒಂದು ತೊಡಕಿದೆ. ಆಷಾಢದಿಂದ ಹಿಂದಕ್ಕೆ ಚೈತ್ರದವರೆಗೆ ಬೇಕು, ಆದ್ದರಿಂದ ‘ಸೊನ್ನೆಗಿಂತ ಒಂದು ಕಡಿಮೆ’ ಎಂದು ಮಾಸ[3:-1:-1] ಬರೆದರೆ ಖಾಲಿ ಬರುತ್ತದೆ, ಏಕೆಂದರೆ -1 ಎಂದರೆ ಪೈಥಾನ್‌ಗೆ ಫಾಲ್ಗುಣ. ಮಾಸ[3::-1] ಎಂದು ಎರಡನೇ ಸಂಖ್ಯೆಯನ್ನು ಬಿಟ್ಟೇ ಬರೆಯಬೇಕು.

ನನ್ನ ಸಲಹೆ ಕೇಳಿದರೆ, ಈ ಕಸರತ್ತೇ ಬೇಡ. ಮೊದಲು ಮುಂದಕ್ಕೆ ಕತ್ತರಿಸಿ, ಆಮೇಲೆ ತಿರುಗಿಸಿ:

```
>>> ಮಾಸ[4:8][::-1]
```

ಒಂದು ನಕಲು ಹೆಚ್ಚು ಆಗುತ್ತದೆ ನಿಜ. ಓದುವವರು ಬೆರಳು ಮಡಚಿ ಎಣಿಸುವುದು ತಪ್ಪುತ್ತದೆ. ಕೋಟಿ ಅಂಶಗಳ ಪಟ್ಟಿ ಅಲ್ಲದಿದ್ದರೆ ಈ ವ್ಯಾಪಾರದಲ್ಲಿ ಲಾಭವೇ.

ಹಂತ 6: ಕತ್ತರಿಸಿದ ಜಾಗಕ್ಕೆ ಬೇರೆಯದನ್ನು ಇಡುವುದು

ಸ್ಲೈಸ್ ಅನ್ನು ಸಮ ಚಿಹ್ನೆಯ ಎಡಕ್ಕೆ ಬರೆದರೆ ಪಟ್ಟಿಯೇ ಬದಲಾಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ಆ ಶೋಭಕೃತ್ ಸಂವತ್ಸರಕ್ಕೆ ಹದಿಮೂರು ಮಾಸ. ಮೂಲ ಪಟ್ಟಿ ಕೆಡದಿರಲೆಂದು ಮೊದಲು ನಕಲು ಮಾಡಿಕೊಂಡು, ಆಮೇಲೆ ನಾಲ್ಕನೇ ಸಂದಿಯಲ್ಲಿ ಅಧಿಕ ಮಾಸವನ್ನು ತೂರಿಸೋಣ:

```
>>> ಶೋಭಕೃತ್ = ಮಾಸ[:]
>>> ಶೋಭಕೃತ್[4:4] = ['ಅಧಿಕ ಶ್ರಾವಣ']
>>> ಶೋಭಕೃತ್[3:6]
['ಆಷಾಢ', 'ಅಧಿಕ ಶ್ರಾವಣ', 'ಶ್ರಾವಣ']
```

ಖಾಲಿ ತುಂಡಿನ ಉಪಯೋಗ ಇದು. 4:4 ಎಂದರೆ ಏನನ್ನೂ ತೆಗೆಯಬೇಡ, ಆ ಸಂದಿಯಲ್ಲಿ ಇದನ್ನು ಇಡು. ತೆಗೆದ ತುಂಡಿಗೂ ಇಡುವ ತುಂಡಿಗೂ ಉದ್ದ ಒಂದೇ ಇರಬೇಕಿಲ್ಲ, ಪಟ್ಟಿ ಬೇಕಾದಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಪಂಚಾಂಗದವರಂತೆ ಎರಡನೆಯದನ್ನು ‘ನಿಜ ಶ್ರಾವಣ’ ಎನ್ನಬೇಕಿದ್ದರೆ ಶೋಭಕೃತ್[5:6] = ['ನಿಜ ಶ್ರಾವಣ']. ಅಧಿಕ ಮಾಸವನ್ನು ಮತ್ತೆ ತೆಗೆಯಬೇಕಿದ್ದರೆ ಶೋಭಕೃತ್[4:5] = []. ಹೆಜ್ಜೆ ಇರುವ ಸ್ಲೈಸ್‌ಗೆ ಮಾತ್ರ ಈ ಸಡಿಲಿಕೆ ಇಲ್ಲ: [::2] ಆರು ಜಾಗ ತೋರಿಸಿದರೆ ಸರಿಯಾಗಿ ಆರು ಅಂಶವನ್ನೇ ಕೊಡಬೇಕು.

ಬಲಗಡೆ ಚೌಕ ಆವರಣ ಮರೆತರೆ ಆಗುವುದನ್ನು ಒಮ್ಮೆ ಕಣ್ಣಾರೆ ನೋಡಿ:

```
>>> ಪರೀಕ್ಷೆ = ಮಾಸ[:2]
>>> ಪರೀಕ್ಷೆ[1:1] = 'ಅಧಿಕ'
>>> ಪರೀಕ್ಷೆ
['ಚೈತ್ರ', 'ಅ', 'ಧ', 'ಿ', 'ಕ', 'ವೈಶಾಖ']
```

ಸ್ಟ್ರಿಂಗ್ ಕೂಡ ಒಂದು ಸರಣಿಯೇ ಆದ್ದರಿಂದ ಪೈಥಾನ್ ಅದನ್ನು ಬಿಡಿಸಿ ಒಂದೊಂದೇ ಚಿಹ್ನೆಯಾಗಿ ತುಂಬಿತು. ಮೂರು ಅಕ್ಷರದ ಪದ ನಾಲ್ಕು ಚೂರಾದದ್ದನ್ನು, ಗುಡಿಸು ಒಂಟಿಯಾಗಿ ನಿಂತದ್ದನ್ನು ಗಮನಿಸಿ. ಆ ವಿಷಯಕ್ಕೆ ಬರೋಣ, ಅದಕ್ಕೆ ಮೊದಲು ನಕಲಿನ ಬಗ್ಗೆ ಒಂದೆರಡು ಮಾತು.

ಮಾಸ[:] ಹೊಸ ಪಟ್ಟಿ ಕೊಡುತ್ತದೆ. ಶೋಭಕೃತ್ = ಮಾಸ ಎಂದಷ್ಟೇ ಬರೆದಿದ್ದರೆ ಒಂದೇ ಪಟ್ಟಿಗೆ ಎರಡು ಹೆಸರು, ಅಧಿಕ ಮಾಸ ಎರಡರಲ್ಲೂ ಕಾಣುತ್ತಿತ್ತು. ಆದರೆ ನಕಲು ಮೇಲ್ಪದರದ್ದು ಮಾತ್ರ: ಪಟ್ಟಿಯೊಳಗೆ ಪಟ್ಟಿಗಳಿದ್ದರೆ ಒಳಗಿನವು ಎರಡಕ್ಕೂ ಸಾಮಾನ್ಯ. ನಮ್‌ಪೈ (ಸಂಖ್ಯೆಗಳ ಲೆಕ್ಕಕ್ಕೆ ಇರುವ ಲೈಬ್ರರಿ) ಬಳಸುವವರಿಗೆ ಇಲ್ಲಿ ಹೆಚ್ಚಿನ ಎಚ್ಚರ ಬೇಕು. ಅದರ ಅರೇಯನ್ನು, ಅಂದರೆ ಅದರ ಪಟ್ಟಿಯನ್ನು, ಸ್ಲೈಸ್ ಮಾಡಿದರೆ ನಕಲು ಆಗುವುದೇ ಇಲ್ಲ, ಮೂಲ ಡೇಟಾದ ಮೇಲೆ ಒಂದು ಕಿಟಕಿ ತೆರೆಯುತ್ತದೆ ಅಷ್ಟೇ. ತುಂಡನ್ನು ಬದಲಿಸಿದರೆ ಮೂಲವೂ ಬದಲು. ಕೋಷ್ಟಕದ ಡೇಟಾಕ್ಕೆ ಬಳಸುವ ಪಾಂಡಾಸ್ ಲೈಬ್ರರಿಯಲ್ಲಿ ‘ಲೊಕ್’ ಮೂಲಕ ಹೆಸರು ಕೊಟ್ಟು ಕತ್ತರಿಸಿದರೆ ಕೊನೆಯದೂ ಸೇರುತ್ತದೆ, ‘ಐಲೊಕ್’ ಮೂಲಕ ಸ್ಥಾನ ಕೊಟ್ಟರೆ ಸೇರುವುದಿಲ್ಲ. ಒಂದೇ ಲೈಬ್ರರಿಯಲ್ಲಿ ಎರಡು ನ್ಯಾಯ.

ಹಂತ 7: ಸ್ಟ್ರಿಂಗ್, ಟಪಲ್

ಟಪಲ್ ಎಂದರೆ ದುಂಡು ಆವರಣದಲ್ಲಿ ಬರೆಯುವ, ಪಟ್ಟಿಯಂಥ ಸರಣಿ. ಇವೆರಡನ್ನೂ ಕತ್ತರಿಸಬಹುದು, ಬದಲಿಸಲಾಗದು. ಅಗಲ ನಿಗದಿಯಾಗಿರುವ ಪಠ್ಯಕ್ಕೆ ಸ್ಲೈಸ್ ಹೇಳಿ ಮಾಡಿಸಿದ್ದು:

```
>>> ದಿನಾಂಕ = '2023-07-18'
>>> ದಿನಾಂಕ[:4], ದಿನಾಂಕ[5:7], ದಿನಾಂಕ[-2:]
('2023', '07', '18')
```

ಇಂಥ ಸಂಖ್ಯೆಗಳು ಕೋಡಿನಲ್ಲಿ ಹತ್ತು ಕಡೆ ಹರಡಿದರೆ ಆರು ತಿಂಗಳ ನಂತರ ಯಾವುದು ಏನೆಂದು ತಿಳಿಯುವುದಿಲ್ಲ. ‘ಸ್ಲೈಸ್’ ಎಂಬ ಹೆಸರಿನ ಒಳಕಟ್ಟಿದ ಫಂಕ್ಷನ್‌ಗೆ 5, 7 ಕೊಟ್ಟು ಬಂದದ್ದನ್ನು ‘ತಿಂಗಳು’ ಎಂಬ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ, ಆಮೇಲೆ ದಿನಾಂಕ[ತಿಂಗಳು] ಎಂದು ಬರೆದರೆ ಸಾಕು. ಅಗಲ ನಿಗದಿಯಿಲ್ಲದಿದ್ದರೆ, ಅಂದರೆ 7 ಎಂದೂ 07 ಎಂದೂ ಬರುವ ಡೇಟಾ ಆದರೆ, ಸ್ಲೈಸ್ ಬಿಟ್ಟು ಅಡ್ಡಗೆರೆಯಲ್ಲಿ ಒಡೆಯುವ ‘ಸ್ಪ್ಲಿಟ್’ ಬಳಸಿ. ಮೊದಲನೆಯದು, ಕೊನೆಯದು, ನಡುವಿನದು ಬೇರೆ ಬೇರೆ ಬೇಕಿದ್ದರೆ ನಕ್ಷತ್ರದ ಗುರುತು ಸ್ಲೈಸ್‌ಗಿಂತ ಸೊಗಸು:

```
>>> ಮೊದಲು, *ನಡು, ಕೊನೆ = ಮಾಸ
```

ದೊಡ್ಡ ಫೈಲಿನ ಸಾಲುಗಳಂತೆ ಒಂದೊಂದೇ ಹರಿದು ಬರುವ ಡೇಟಾಕ್ಕೆ ಚೌಕ ಆವರಣ ನಡೆಯುವುದಿಲ್ಲ. ಇಟರ್‌ಟೂಲ್ಸ್ ಮಾಡ್ಯೂಲಿನ ‘ಐಸ್ಲೈಸ್’ ಇದೆ, ಅದಕ್ಕೆ ಮೈನಸ್ ಸಂಖ್ಯೆ ಕೊಡುವಂತಿಲ್ಲ.

ಹಂತ 8: ಕನ್ನಡ ಪಠ್ಯ

ಇಂಗ್ಲಿಷ್ ಪಾಠಗಳು ಮುಟ್ಟದ ಭಾಗ ಇದು, ಕನ್ನಡದಲ್ಲಿ ಆ್ಯಪ್ ಮಾಡುವವರಿಗೆ ಮೊದಲ ವಾರದಲ್ಲೇ ಎದುರಾಗುವಂಥದ್ದು.

```
>>> 'ಕನ್ನಡ'[::-1]
'ಡನ್ನಕ'
```

ಸರಿಯಾಗಿಯೇ ಇದೆಯಲ್ಲ! ಈ ಪದದಿಂದಲೇ ಪರೀಕ್ಷೆ ಮಾಡಿ, ಕನ್ನಡವೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಷರಾ ಬರೆಯುವುದು ಸುಲಭ. ಇದು ಅದೃಷ್ಟ ಮಾತ್ರ. ಈ ಪದದೊಳಗೆ ಇರುವುದು ಐದು ಚಿಹ್ನೆ: ಕ, ನ, ವಿರಾಮ (ವ್ಯಂಜನದ ಸ್ವರ ತೆಗೆಯುವ ‘್’ ಗುರುತು), ನ, ಡ. ನಡುವಿನ ಮೂರು ಯಾವ ಕಡೆಯಿಂದ ಓದಿದರೂ ಒಂದೇ, ಹಾಗಾಗಿ ತಿರುಗಿಸಿದರೂ ಒತ್ತು ಕೆಡಲಿಲ್ಲ. ಇನ್ನೊಂದು ಪದ ನೋಡಿ:

```
>>> ನಾಡು = 'ಕರ್ನಾಟಕ'
>>> ನಾಡು[::-1]
'ಕಟಾನ್ರಕ'
>>> ನಾಡು[:2]
'ಕರ'
>>> ನಾಡು[:4]
'ಕರ್ನ'
>>> ನಾಡು[3:]
'ನಾಟಕ'
```

ನಮಗೆ ಇದು ನಾಲ್ಕು ಅಕ್ಷರ, ಪೈಥಾನ್‌ಗೆ ಏಳು ಚಿಹ್ನೆ: ಕ, ರ, ವಿರಾಮ, ನ, ದೀರ್ಘದ ಗುರುತು, ಟ, ಕ. ಸಂದಿಗಳು ಎಂಟು. ಅವುಗಳಲ್ಲಿ ಕನ್ನಡದ ಅಕ್ಷರ ಒಡೆಯದ ಸಂದಿಗಳು ಐದೇ: 0, 1, 5, 6, 7. ಮಿಕ್ಕ ಮೂರರಲ್ಲಿ ಎಲ್ಲಿ ಕತ್ತರಿ ಹಾಕಿದರೂ ‘ರ್ನಾ’ ಸೀಳುತ್ತದೆ. ಕೊನೆಯ ಉತ್ತರದಲ್ಲಿ ‘ನಾಟಕ’ ಎಂಬ ಅಚ್ಚುಕಟ್ಟಾದ ಪದವೇ ಸಿಕ್ಕಿಬಿಟ್ಟಿತು, ಸೀಳಿದ ಗುರುತೇ ಕಾಣುವುದಿಲ್ಲ. ನಾಡು[2:] ಎಂದರೆ ಪದ ವಿರಾಮದಿಂದಲೇ ಶುರುವಾಗಿ ಪರದೆಯ ಮೇಲೆ ಚುಕ್ಕಿ ವೃತ್ತ ಮೂಡುತ್ತದೆ, ಅದು ಎಷ್ಟೋ ಮೇಲು. ತಪ್ಪಾಗಿದೆ ಎಂದಾದರೂ ಗೊತ್ತಾಗುತ್ತದೆ.

ತಪ್ಪು ಪೈಥಾನ್‌ನದಲ್ಲ. ಯೂನಿಕೋಡ್‌ನಲ್ಲಿ ಕನ್ನಡವನ್ನು ಇಟ್ಟಿರುವ ರೀತಿಯೇ ಹಾಗೆ, ಸ್ವರಚಿಹ್ನೆ ಮತ್ತು ವಿರಾಮಗಳಿಗೆ ಬೇರೆ ಬೇರೆ ಸಂಖ್ಯೆಗಳಿವೆ. ಹಿಂದಿ, ತೆಲುಗು, ತಮಿಳು ಎಲ್ಲಕ್ಕೂ ಇದೇ ಪಾಡು. ಹೊರಗಿನ ಕೆಲವು ಲೈಬ್ರರಿಗಳು ಗುಣಿತಾಕ್ಷರವನ್ನು ಒಡೆಯದೆ ಕೊಡುತ್ತವೆ, ಆದರೆ ಒತ್ತಕ್ಷರವನ್ನು ‘ರ್’ ಮತ್ತು ‘ನಾ’ ಎಂದು ಬಿಡಿಸಿಬಿಡಬಹುದು. ಬಳಸುವ ಮೊದಲು ಒತ್ತಕ್ಷರವಿರುವ ಪದ ಕೊಟ್ಟು ನೋಡಿ.

ನಾವೇ ಮಾಡಿಕೊಳ್ಳುವುದೂ ಕಷ್ಟವಿಲ್ಲ. ಪಠ್ಯವನ್ನು ಮೊದಲು ಅಕ್ಷರಗಳ ಪಟ್ಟಿ ಮಾಡುವುದು, ಆಮೇಲೆ ಆ ಪಟ್ಟಿಯನ್ನು ಸ್ಲೈಸ್ ಮಾಡುವುದು. ಹೀಗೆ ಶುರು ಮಾಡಿ:

```
ಅಕ್ಷರಗಳು = ['']
```

ಪಠ್ಯದ ಚಿಹ್ನೆಗಳನ್ನು ಲೂಪಿನಲ್ಲಿ ಒಂದೊಂದಾಗಿ ತೆಗೆದುಕೊಳ್ಳಿ. ಪ್ರತಿ ಚಿಹ್ನೆಗೂ ಮೂರು ಪ್ರಶ್ನೆ:

```
'ಾ' <= ಚಿಹ್ನೆ <= '್'
'ಂ' <= ಚಿಹ್ನೆ <= 'ಃ'
'ಕ' <= ಚಿಹ್ನೆ <= 'ಹ' ಮತ್ತು ಅಕ್ಷರಗಳು[-1][-1:] == '್'
```

ಮೊದಲನೆಯದು ಸ್ವರಚಿಹ್ನೆ ಅಥವಾ ವಿರಾಮವೇ ಎಂದು ಕೇಳುತ್ತದೆ. ಯೂನಿಕೋಡ್‌ನಲ್ಲಿ ಅವು ಸಾಲಾಗಿ ಇರುವುದರಿಂದ ಇಷ್ಟೇ ಸಾಕು. ಎರಡನೆಯದು ಅನುಸ್ವಾರ, ವಿಸರ್ಗ. ಮೂರನೆಯದು, ಇದು ವ್ಯಂಜನವಾಗಿದ್ದು ಹಿಂದೆಯೇ ವಿರಾಮ ಇದೆಯೇ, ಅಂದರೆ ಒತ್ತು ಆಗಬೇಕೇ ಎಂದು. (‘ಮತ್ತು’ ಇರುವ ಕಡೆ ಪೈಥಾನ್‌ನ ‘ಆ್ಯಂಡ್’ ಪದವನ್ನು ಇಂಗ್ಲಿಷಿನಲ್ಲಿ ಹಾಕಿಕೊಳ್ಳಿ.) ಮೂರರಲ್ಲಿ ಒಂದಕ್ಕಾದರೂ ಹೌದು ಎಂದು ಉತ್ತರ ಬಂದರೆ ಚಿಹ್ನೆ ಹಿಂದಿನ ಅಕ್ಷರಕ್ಕೆ ಅಂಟಬೇಕು, ಇಲ್ಲದಿದ್ದರೆ ಹೊಸ ಅಕ್ಷರ:

```
ಅಕ್ಷರಗಳು[-1] += ಚಿಹ್ನೆ
ಅಕ್ಷರಗಳು += [ಚಿಹ್ನೆ]
```

ಲೂಪ್ ಮುಗಿದ ಮೇಲೆ ಆರಂಭದ ಖಾಲಿ ಅಂಶವನ್ನು ಬಿಡಲು ಅಕ್ಷರಗಳು[1:]. ‘ಕರ್ನಾಟಕ’ ಕೊಟ್ಟರೆ ['ಕ', 'ರ್ನಾ', 'ಟ', 'ಕ'] ಬರಬೇಕು. ಈಗ [::-1] ಹಾಕಿ ಜೋಡಿಸಿದರೆ ‘ಕಟರ್ನಾಕ’.

ಮೂರನೇ ಪ್ರಶ್ನೆಯಲ್ಲಿ [-1] ಬಿಟ್ಟು [-1:] ಬರೆದದ್ದಕ್ಕೆ ಕಾರಣವಿದೆ. ಮೊದಲ ಸುತ್ತಿನಲ್ಲಿ ಅಲ್ಲಿರುವುದು ಖಾಲಿ ಸ್ಟ್ರಿಂಗ್, ಇಂಡೆಕ್ಸ್ ಕೇಳಿದ್ದರೆ ಎರರ್ ಬರುತ್ತಿತ್ತು, ಸ್ಲೈಸ್ ಸುಮ್ಮನೆ ಖಾಲಿ ಕೊಡುತ್ತದೆ. ವ್ಯಂಜನವೇ ಎಂದು ಕೇಳದೆ ವಿರಾಮವನ್ನಷ್ಟೇ ನೋಡಿದ್ದರೆ ‘ಬಸ್ ನಿಲ್ದಾಣ’ದಲ್ಲಿ ‘ಸ್’ಗೆ ಪಕ್ಕದ ಖಾಲಿ ಜಾಗವೂ ಅಂಟಿಕೊಳ್ಳುತ್ತಿತ್ತು. ‘ಸಾಫ್ಟ್‌ವೇರ್’ನ ಆ ಕಾಣದ ಚಿಹ್ನೆಯನ್ನೂ ಹಿಂದಿನದಕ್ಕೆ ಅಂಟಿಸುವಂತೆ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ. ಹಾಗೆ ಅಂಟಿಸಿದಾಗ ಅಕ್ಷರದ ತುದಿಯಲ್ಲಿ ವಿರಾಮ ಇರುವುದಿಲ್ಲವಾದ್ದರಿಂದ ಮುಂದಿನ ‘ವೇ’ ತಾನಾಗಿಯೇ ಬೇರೆ ಅಕ್ಷರವಾಗುತ್ತದೆ. ಹಳಗನ್ನಡ ಪಠ್ಯದ ಕೆಲಸವಾದರೆ ‘ೞ’ವನ್ನು ಪ್ರತ್ಯೇಕವಾಗಿ ಸೇರಿಸಬೇಕು, ಯೂನಿಕೋಡ್‌ನಲ್ಲಿ ಅದು ಕ–ಹ ಸಾಲಿನಿಂದ ಹೊರಗಿದೆ.

ಇನ್ನೊಂದು ಸೂಕ್ಷ್ಮ: ‘ಕೋ’ ಎಂಬುದನ್ನು ಎರಡು ಚಿಹ್ನೆಯಾಗಿಯೂ ಇಡಬಹುದು, ಓಕಾರವನ್ನು ಬಿಡಿಸಿ ನಾಲ್ಕು ಚಿಹ್ನೆಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಸ್ಲೈಸ್‌ಗೆ ಬೇರೆ. ಬೇರೆ ಬೇರೆ ಕಡೆಯಿಂದ ಬಂದ ಪಠ್ಯವಾದರೆ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಜ್’ನಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿಸಿದ್ದನ್ನು ಕೂಡಿಸಿಟ್ಟ ರೂಪಕ್ಕೆ, ತಂದ ಮೇಲೆಯೇ ಕತ್ತರಿ ಹಿಡಿಯಿರಿ.

ಬೈಟ್‌ಗಳ ಮಿತಿ ಇರುವ ಕಡೆ ಲೆಕ್ಕ ಮತ್ತೆ ಬದಲಾಗುತ್ತದೆ. ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್, ‘ಕರ್ನಾಟಕ’ಕ್ಕೆ 21. ಬೈಟ್‌ಗಳನ್ನು 20ಕ್ಕೆ ಕತ್ತರಿಸಿ ಮತ್ತೆ ಪಠ್ಯ ಮಾಡಲು ಹೋದರೆ ಯೂನಿಕೋಡ್ ಡೀಕೋಡ್ ಎರರ್. 9ಕ್ಕೆ ಕತ್ತರಿಸಿದರೆ ಎರರ್ ಇಲ್ಲ, ಉಳಿಯುವುದು ‘ಕರ್’. ಕನ್ನಡ ಎಸ್ಸೆಮ್ಮೆಸ್ಸಿನ ಒಂದು ಸಂದೇಶಕ್ಕೆ 70ರ ಮಿತಿ ಇದೆಯಲ್ಲ, ಅಲ್ಲೂ ಎಣಿಸುವುದು ಚಿಹ್ನೆಗಳನ್ನು, ಅಕ್ಷರಗಳನ್ನಲ್ಲ. ಇಂಥ ಕಡೆ ಅಕ್ಷರಗಳ ಪಟ್ಟಿಯನ್ನು ಮುಂದಿನಿಂದ ಒಂದೊಂದಾಗಿ ಕೂಡಿಸುತ್ತಾ ಹೋಗಿ. ಮುಂದಿನ ಅಕ್ಷರ ಸೇರಿದರೆ ಮಿತಿ ದಾಟುತ್ತದೆ ಎನ್ನುವಲ್ಲಿ ನಿಲ್ಲಿಸಿ. ‘...’ ಹಾಕುವುದಿದ್ದರೆ ಆ ಮೂರು ಚುಕ್ಕಿಗೂ ಮೊದಲೇ ಜಾಗ ಬಿಟ್ಟುಕೊಂಡಿರಬೇಕು.